ಅಪ್ಪಾಜಿ ರಕ್ತ ತೆಳು ಮಾಡೋ ಗುಳಿಗೆ ಬಿಟ್ಟು ಆಸ್ಪಿರಿನ್ ನುಂಗ್ತಿದ್ದಾರೆ, ಅಷ್ಟು ಸಾಕಾ?

ದಾವಣಗೆರೆ_ಮಗ:
ಅಪ್ಪಾಜಿಗೆ 72. ಬಿಪಿ, ಶುಗರ್ ಎರಡೂ ಇವೆ. ಮೂರು ತಿಂಗಳ ಹಿಂದೆ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಇಸಿಜಿ ತೆಗೆಸಿದಾಗ ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಬಡಿತ ತಾಳ ತಪ್ಪುವ ತೊಂದರೆ) ಇದೆ ಅಂದರು. ಅವರಿಗೆ ಗೊತ್ತೇ ಆಗಿರಲಿಲ್ಲ, ದಿನಾ ಕುಂದವಾಡ ಕೆರೆ ಸುತ್ತ ವಾಕಿಂಗ್ ಮಾಡ್ಕೊಂಡು ಆರಾಮಾಗಿದ್ದರು. ಡಾಕ್ಟರು ರಕ್ತ ತೆಳು ಮಾಡೋಕೆ ರಿವರೋಕ್ಸಬ್ಯಾನ್ 20 ಕೊಟ್ಟಿದ್ದರು. ಹೋದ ವಾರ ಹಲ್ಲುಜ್ಜುವಾಗ ವಸಡಿಂದ ರಕ್ತ ಬಂತು ಅಂತ ಹೆದರಿ ಯಾರಿಗೂ ಹೇಳದೆ ನಿಲ್ಲಿಸಿದ್ದಾರೆ. ವಾಕಿಂಗ್ ಗೆಳೆಯರೊಬ್ಬರು ಹೇಳಿದರು ಅಂತ ಈಗ ಆಸ್ಪಿರಿನ್ 75. 'ಅದೂ ರಕ್ತ ತೆಳು ಮಾಡುತ್ತಲ್ಲ' ಅಂತ ನನಗೇ ವಾದ ಮಾಡ್ತಾರೆ. ಏನು ಹೇಳಲಿ?

ಐಸಿಯು_ಸಿಸ್ಟರ್:
ಸಾಕಾಗಲ್ಲ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡುವುದಿಲ್ಲ, ಸುಮ್ನೆ ನಡುಗುತ್ತಿರುತ್ತದೆ. ಎಡಗಡೆ ಕೋಣೆಗೆ ಪುಟ್ಟ ಚೀಲದಂಥ ಒಂದು ಮೂಲೆ ಇದೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಸಾಮಾನ್ಯ ಜನರಿಗಿಂತ ಇವರಿಗೆ ಈ ಭಯ ಸುಮಾರು 5 ಪಟ್ಟು. ನಿಂತ ರಕ್ತದ ಹೆಪ್ಪಿನ ಮೇಲೆ ಆಸ್ಪಿರಿನ್ ಆಟ ಅಷ್ಟಾಗಿ ನಡೆಯುವುದಿಲ್ಲ. 2011ರಲ್ಲಿ ಆವೆರೋಸ್ ಅಂತ ಒಂದು ಅಧ್ಯಯನ ಬಂತು. ಅಪ್ಪಾಜಿ ಗುಳಿಗೆಯ ಜಾತಿಯದೇ ಆದ ಅಪಿಕ್ಸಬ್ಯಾನ್ ತೆಗೆದುಕೊಂಡವರಲ್ಲಿ ಆಸ್ಪಿರಿನ್ ಗುಂಪಿಗಿಂತ ಪಾರ್ಶ್ವವಾಯು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಯಿತು, ದೊಡ್ಡ ರಕ್ತಸ್ರಾವ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಂದರೆ ನಿಮ್ಮ ಅಪ್ಪಾಜಿ ರಕ್ತ ಬರುವ ಭಯವನ್ನು ಹಾಗೇ ಇಟ್ಟುಕೊಂಡು ಕಾವಲು ಮಾತ್ರ ತೆಗೆದಿದ್ದಾರೆ!

ಲಕ್ವದ ಭಯ ಎಷ್ಟು ಅಂತ ಡಾಕ್ಟರು ಅಂಕ ಹಾಕ್ತಾರೆ: 65 ದಾಟಿದ್ದಕ್ಕೆ 1, ಬಿಪಿಗೆ 1, ಶುಗರಿಗೆ 1. ಗಂಡಸರಿಗೆ 2 ಬಂದರೇ ಗುಳಿಗೆ ಬೇಕು ಅಂತಾರೆ, ಇವರಿಗೆ 3. ಎದೆ ಡವಡವ ಅನ್ನದಿದ್ದರೂ ಲೆಕ್ಕ ಇದೇ.

ಕೋಟೆ_ಊರಿನವನು:
ಚಿತ್ರದುರ್ಗದಿಂದ. ಸಿಸ್ಟರ್ ಹೇಳಿದ್ದು ನಿಜ, ಆದರೆ ಇದನ್ನು ಓದಿ ಯಾರೂ ತಾವೇ ಗುಳಿಗೆ ಬದಲಾಯಿಸಬೇಡಿ. ನಮ್ಮ ಅವ್ವನಿಗೆ ಚಿಕ್ಕಂದಿನ ಕೀಲು ಜ್ವರದಿಂದ ವಾಲ್ವ್ ಕಿರಿದಾಗಿದೆ. ಅಂಥವರಿಗೆ ವಾರ್ಫರಿನ್ ಜಾತಿಯ ಹಳೇ ಗುಳಿಗೆಯೇ ಸರಿ, 2022ರ ಒಂದು ದೊಡ್ಡ ಅಧ್ಯಯನದಲ್ಲೂ ರಿವರೋಕ್ಸಬ್ಯಾನ್‌ಗಿಂತ ಅದೇ ಮೇಲಾಯಿತು. ಲೋಹದ ವಾಲ್ವ್ ಹಾಕಿಸಿಕೊಂಡವರಿಗೂ ಅದೇ. ಅವ್ವನಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅನ್ನುವ ಅಳತೆ) 2ರಿಂದ 3ರೊಳಗೆ ಇರಬೇಕು, ಅದಕ್ಕೆ ಆಗಾಗ ರಕ್ತ ಕೊಡಬೇಕು. ಸೊಪ್ಪು ಜಾಸ್ತಿಯಾದರೆ ಈ ಗುಳಿಗೆಯ ಬಲ ತಗ್ಗುತ್ತದೆ, ಆದರೂ ಬಿಡಬೇಕಿಲ್ಲ, ಪ್ರತಿ ವಾರವೂ ಒಂದೇ ಅಳತೆ ಇದ್ದರಾಯಿತು. ಅವ್ವ ಒಂದು ತಿಂಗಳು ದಿನಾ ಪಾಲಕ್ ತಿಂದು ಐಎನ್‌ಆರ್ 1.4ಕ್ಕೆ ಇಳಿಸಿಕೊಂಡಿದ್ದರು, ಬೈಸಿಕೊಂಡಿದ್ದು ಮಾತ್ರ ನಾನು.

ಮೆಡಿಕಲ್_ಶಾಪ್_ಅಣ್ಣ:
ಎರಡು ಪ್ರಶ್ನೆ. ರಿವರೋಕ್ಸಬ್ಯಾನ್ ಯಾವಾಗ ತಗೊಳ್ತಿದ್ದರು? 20 ಆದರೆ ಊಟದ ಜೊತೆಗೇ ಆಗಬೇಕು, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಮೈಗೆ ಹತ್ತುವುದಿಲ್ಲ. ಇನ್ನೊಂದು, ಮೊಣಕಾಲು ನೋವಿಗೆ ಏನಾದರೂ ನುಂಗ್ತಾರಾ? ಡೈಕ್ಲೋಫೆನಾಕ್ ಚೀಟಿ ಇಲ್ಲದೆ ಕೇಳುವವರು ದಿನಕ್ಕೆ ಹತ್ತು ಜನ ಬರ್ತಾರೆ. ಎರಡೂ ಸೇರಿದರೆ ರಕ್ತ ಬರುವುದು ಜಾಸ್ತಿ.

ದಾವಣಗೆರೆ_ಮಗ:
ಅಣ್ಣಾ, ಸಿಕ್ಕಿಬಿದ್ದರು. ದಿಂಬಿನ ಕೆಳಗೆ ಡೈಕ್ಲೋಫೆನಾಕ್ ಪಟ್ಟಿ ಇತ್ತು, ಎರಡು ವಾರದಿಂದ ನುಂಗ್ತಿದ್ದರಂತೆ. ರಾತ್ರಿ ಬರೀ ಹಾಲು ಕುಡಿದು ಮಲಗುವವರು, ರಿವರೋಕ್ಸಬ್ಯಾನನ್ನೂ ಅದರ ಜೊತೆಗೇ ತಗೊಂಡಿದ್ದಾರೆ. ಡಾಕ್ಟರಿಗೆ ಫೋನ್ ಮಾಡಿದೆ. ನೋವಿನ ಗುಳಿಗೆ, ಆಸ್ಪಿರಿನ್ ಎರಡೂ ಬಂದ್, ರಿವರೋಕ್ಸಬ್ಯಾನ್ ಇವತ್ತು ಮಧ್ಯಾಹ್ನ ಊಟದ ಜೊತೆ ಮತ್ತೆ ಶುರು. ನಾಳೆ ಎಲ್ಲಾ ಪಟ್ಟಿ ಹಿಡಿದುಕೊಂಡು ಬನ್ನಿ, ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ಕ್ರಿಯಾಟಿನಿನ್ ನೋಡೋಣ ಅಂದರು.

ಐಸಿಯು_ಸಿಸ್ಟರ್:
ಒಳ್ಳೇದಾಯ್ತು. ಮಲ ಡಾಂಬರಿನ ಹಾಗೆ ಕಪ್ಪಾದರೆ, ಬಿದ್ದು ತಲೆಗೆ ಪೆಟ್ಟಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ 108, ರಕ್ತ ತೆಳು ಮಾಡೋ ಗುಳಿಗೆ ತಗೊಳ್ತಿದ್ದಾರೆ ಅಂತ ಮೊದಲೇ ಹೇಳಿ. ಮತ್ತೆ ಮೆತ್ತನೆ ಬ್ರಷ್ ಕೊಡಿಸಿ.

ದಾವಣಗೆರೆ_ಮಗ:
ಬ್ರಷ್ ತಂದೆ. 'ಇದು ಮಕ್ಕಳದ್ದು' ಅಂತ ಮುಖ ಸಿಂಡರಿಸಿಕೊಂಡು ಕೂತಿದ್ದಾರೆ.