ಡಿಸ್ಕ್ 100% ತೋರಿಸ್ತಿದೆ: ರ‍್ಯಾಮ್ ಹಾಕಿಸಲಾ, ಎಸ್‌ಎಸ್‌ಡಿ ಹಾಕಿಸಲಾ?

ಕೀಲಿಮಣೆ:
ಇಂಟೆಲ್ ಐ3 ಆರನೇ ಜನರೇಷನ್ ಲ್ಯಾಪ್‌ಟಾಪ್. 4 ಜಿಬಿ ರ‍್ಯಾಮ್, 5400 ಆರ್‌ಪಿಎಂನ 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಡೆಸ್ಕ್‌ಟಾಪ್ ಬಂದ ಮೇಲೂ ಐದಾರು ನಿಮಿಷ ಏನೂ ಓಪನ್ ಆಗಲ್ಲ. ಟಾಸ್ಕ್ ಮ್ಯಾನೇಜರಲ್ಲಿ ಸಿಪಿಯು 20%, ಮೆಮೊರಿ 85%, ಡಿಸ್ಕ್ 100%. ಟೆಂಪ್ ಫೈಲ್ ಅಳಿಸಿದ್ದು, ಡಿಫ್ರಾಗ್ ಮಾಡಿದ್ದು, ಸ್ಟಾರ್ಟಪ್ ಪಟ್ಟಿ ಖಾಲಿ ಮಾಡಿದ್ದು ಎಲ್ಲ ಆಯ್ತು. ಸದ್ಯಕ್ಕೆ ಒಂದನ್ನೇ ಹಾಕಿಸೋದಾದ್ರೆ ಯಾವುದು? ಈಗಿರೋ ವಿಂಡೋಸನ್ನೇ ಹೊಸ ಡ್ರೈವಿಗೆ ಎತ್ತಿ ಹಾಕಬಹುದಾ?

ಬೆಸುಗೆ:
ಎಸ್‌ಎಸ್‌ಡಿ, ಅಂದ್ರೆ ತಿರುಗೋ ತಟ್ಟೆ ಇಲ್ಲದೆ ಚಿಪ್ಪಲ್ಲೇ ಡೇಟಾ ಇಡೋ ಡ್ರೈವ್. ಅನುಮಾನ ಇದ್ರೆ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಟ್ಯಾಬಲ್ಲಿ ಡಿಸ್ಕ್ ಒತ್ತಿ, ಕೆಳಗೆ ರೀಡ್ ಸ್ಪೀಡ್ ನೋಡಿ. ಆ್ಯಕ್ಟಿವ್ ಟೈಮ್ 100% ಇದ್ರೂ ಓದ್ತಿರೋದು ಸೆಕೆಂಡಿಗೆ ಒಂದೆರಡು ಎಂಬಿ ಅಷ್ಟೇ ಇರುತ್ತೆ. ಇದೇ ಡಿಸ್ಕು ಒಂದು ದೊಡ್ಡ ವಿಡಿಯೊ ಫೈಲ್ ಕಾಪಿ ಮಾಡುವಾಗ 100 ಎಂಬಿ ಹತ್ತಿರ ಕೊಡುತ್ತೆ. ಯಾಕಂದ್ರೆ 5400 ಆರ್‌ಪಿಎಂನಲ್ಲಿ ತಟ್ಟೆ ಒಂದು ಸುತ್ತು ಬರೋಕೆ 11 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್ (ತಟ್ಟೆಯಿಂದ ಓದೋ ಭಾಗ) ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮುಂಚೆ ಹೆಡ್ ಆ ಟ್ರ್ಯಾಕಿಗೆ ಸರಿಯೋಕೆ ಇನ್ನೊಂದು 12. ಒಟ್ಟು 17–18 ಅಂತಿಟ್ಕೊಂಡ್ರೆ ಸೆಕೆಂಡಿಗೆ 60 ಓದು ದಾಟಲ್ಲ. ಬೂಟ್ ಆಗುವಾಗ ವಿಂಡೋಸ್ ಕೇಳೋದು ಸಾವಿರಾರು ಚೂರುಪಾರು ಫೈಲು. ಡಿಫ್ರಾಗ್ ಒಂದೊಂದು ಫೈಲನ್ನ ಒಟ್ಟುಗೂಡಿಸುತ್ತೆ ಹೊರತು ಈ ಓಡಾಟ ತಪ್ಪಿಸಲ್ಲ. ಎಸ್‌ಎಸ್‌ಡಿಯಲ್ಲಿ ಹೆಡ್ಡೇ ಇಲ್ಲ, ಹಾರ್ಡ್ ಡಿಸ್ಕಿನ ಅದೇ ಮಾಮೂಲಿ ಕನೆಕ್ಟರಿನ, ಅಂದ್ರೆ ಸಾಟಾದ್ದಾದ್ರೂ ಸೆಕೆಂಡಿಗೆ ಹತ್ತಾರು ಸಾವಿರ ಓದು.

2.5 ಇಂಚಿನ, 7 ಮಿ.ಮೀ. ದಪ್ಪದ ಸಾಟಾ ಡ್ರೈವ್ ತಗೊಳ್ಳಿ. ಎಂ.2 ಸ್ಲಾಟ್ (ಬೋರ್ಡಿಗೇ ನೇರ ಕೂರೋ ಚಿಕ್ಕ ಡ್ರೈವಿನ ಜಾಗ) ಇದ್ರೆ ಖುಷಿಪಡೋಕೆ ಮುಂಚೆ ಆ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಆ ಕಾಲದ ಎಷ್ಟೋ ಬೋರ್ಡಲ್ಲಿ ಅದು ಸಾಟಾ ಮಾತ್ರ. ಎನ್‌ವಿಎಂಇ (ಇನ್ನೂ ವೇಗದ ಬೇರೆ ಬಗೆಯ) ಡ್ರೈವ್ ಹಾಕಿದ್ರೆ ಬಯೋಸ್‌ಗೆ (ಮೆಷಿನ್ ಆನ್ ಆದಾಗ ಮೊದಲು ಓಡೋ ಪ್ರೋಗ್ರಾಂ) ಕಾಣೋದೇ ಇಲ್ಲ.

ಕ್ಲೋನ್ (ಈಗಿರೋ ವಿಂಡೋಸನ್ನೇ ಹಾಗೇ ನಕಲು ಮಾಡೋದು) ವಿಷಯ ಆಮೇಲೆ. ಮೊದಲು ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 05 (ಕೆಟ್ಟು ಬದಲಾಯಿಸಿದ ಸೆಕ್ಟರ್, ಅಂದ್ರೆ ಡಿಸ್ಕಿನ ಚಿಕ್ಕ ತುಂಡು), ಸಿ5 (ಓದೋಕಾಗದೆ ಬಾಕಿ ಇರೋ ಸೆಕ್ಟರ್), ಸಿ7 (ಕೇಬಲ್ ಕಡೆಯ ಎರರ್) ಈ ಮೂರು ಸಾಲಿನ ರಾ ವ್ಯಾಲ್ಯೂ ಎಷ್ಟಿದೆ ಅಂತ ಹೇಳಿ.

ಎರಡನೇಸ್ಲಾಟ್:
ಎಸ್‌ಎಸ್‌ಡಿ ಮೊದಲು ಅನ್ನೋದು ಸರಿ, ಹಾಗಂತ ರ‍್ಯಾಮನ್ನ ಪಕ್ಕಕ್ಕೆ ತಳ್ಳಬೇಡಿ. 85% ಅನ್ನೋದಕ್ಕಿಂತ, ಪರ್ಫಾರ್ಮೆನ್ಸ್ ಟ್ಯಾಬಲ್ಲಿ ಮೆಮೊರಿ ಒತ್ತಿದಾಗ ಕಾಣೋ ಕಮಿಟೆಡ್ ಅಂಕಿ (ಪ್ರೋಗ್ರಾಂಗಳು ಕೇಳಿರೋ ಒಟ್ಟು ಮೆಮೊರಿ) ಮುಖ್ಯ. ಎಂದಿನಷ್ಟು ಟ್ಯಾಬ್ ತೆಗೆದಾಗ ಅದು 6–7 ಜಿಬಿ ಮುಟ್ಟಿದ್ರೆ, 4 ಜಿಬಿಯಲ್ಲಿ ಹಿಡಿಸದ್ದು ಪೇಜ್‌ಫೈಲಿಗೆ (ರ‍್ಯಾಮ್ ಸಾಲದಾಗ ಡಿಸ್ಕಲ್ಲಿ ಬಳಸೋ ಜಾಗ) ಹೋಗಿ ಬಂದು ಮಾಡ್ತಿದೆ. ಡಿಸ್ಕಿನ ಮೇಲಿರೋ ಭಾರದಲ್ಲಿ ಒಂದು ಪಾಲು ಅದರದ್ದೇ. ಎಸ್‌ಎಸ್‌ಡಿ ಬಂದ್ರೆ ಈ ಎಳೆದಾಟ ಕಮ್ಮಿ ಕಾಡುತ್ತೆ, ಆದ್ರೆ ನಿಲ್ಲಲ್ಲ.

ಆರನೇ ಜನರೇಷನ್ನಲ್ಲಿ ರ‍್ಯಾಮ್ ಬಗೆ ಡಿಡಿಆರ್3ಎಲ್ ಇರೋದೂ ಉಂಟು, ಡಿಡಿಆರ್4 ಇರೋದೂ ಉಂಟು. ಸಿಪಿಯು-ಝಡ್ ಅನ್ನೋ ಪ್ರೋಗ್ರಾಮಿನ ಮೆಮೊರಿ ಟ್ಯಾಬಲ್ಲಿ ಗೊತ್ತಾಗುತ್ತೆ. ಮೊದಲಿನದು 204 ಪಿನ್, 1.35 ವೋಲ್ಟ್, ಎರಡನೆಯದು 260 ಪಿನ್, 1.2 ವೋಲ್ಟ್. ಇವೆರಡು ಅದಲುಬದಲಾಗೋ ಭಯ ಇಲ್ಲ, ಕೂರೋದೇ ಇಲ್ಲ. ಜನ ಎಡವೋದು 1.5 ವೋಲ್ಟಿನ ಹಳೇ ಡಿಡಿಆರ್3ರಲ್ಲಿ: ಡಿಡಿಆರ್3ಎಲ್ ಸ್ಲಾಟಿಗೆ ಸಲೀಸಾಗಿ ಕೂರುತ್ತೆ, ಮೆಷಿನ್ ಮಾತ್ರ ಆನ್ ಆಗದೇ ಇರಬಹುದು.

ಹಾಕುವಾಗ ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡೀರಿ. ಸ್ಟಿಕ್ಕನ್ನ 30 ಡಿಗ್ರಿ ಓರೆ ಮಾಡಿ, ಚಿನ್ನದ ಬಣ್ಣದ ಅಂಚು ಹೆಚ್ಚುಕಮ್ಮಿ ಕಾಣದ ಹಾಗೆ ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಬದಿಯ ಕ್ಲಿಪ್ ಟಕ್ ಅನ್ನಬೇಕು. ಸ್ಕ್ರೀನ್ ಕಪ್ಪಾಗೇ ಉಳಿದ್ರೆ ಸಾಮಾನ್ಯವಾಗಿ ಸ್ಟಿಕ್ ಅರ್ಧ ಕೂತಿರುತ್ತೆ ಅಷ್ಟೇ.

ಕೀಲಿಮಣೆ:
05 ಸೊನ್ನೆ, ಸಿ7 ಸೊನ್ನೆ. ಸಿ5 ಎದುರು ಸೊನ್ನೆಗಳ ಸಾಲಿನ ಕೊನೆಗೆ 10 ಇದೆ, ಮೇಲೆ ಹಳದಿಯಲ್ಲಿ ಕಾಷನ್ ಅಂತಿದೆ. ಡಿಸ್ಕ್ ನಕಲು ಮಾಡೋ ಕ್ಲೋನ್‌ಜಿಲ್ಲಾ ಇಳಿಸಿಕೊಂಡಿದೀನಿ. ತುಂಬಿರೋದು 110 ಜಿಬಿ, 500 ಜಿಬಿ ಎಸ್‌ಎಸ್‌ಡಿ ಸಾಕಲ್ವಾ?

ಬೆಸುಗೆ:
500 ಧಾರಾಳ ಆಯ್ತು. ಆದ್ರೆ ಆ 10 ಹೆಕ್ಸಾಡೆಸಿಮಲ್ (ಹತ್ತರ ಬದಲು ಹದಿನಾರರ ಲೆಕ್ಕ), ಅಂದ್ರೆ ಓದೋಕಾಗದೆ ಬಾಕಿ ಉಳಿದಿರೋ ಸೆಕ್ಟರ್ 16. ಅಂಥ ಸೆಕ್ಟರ್ ಅಡ್ಡ ಬಂದಾಗೆಲ್ಲ ಡಿಸ್ಕು ಮತ್ತೆ ಮತ್ತೆ ಓದೋಕೆ ನೋಡ್ತಾ ಸೆಕೆಂಡುಗಟ್ಟಲೆ ನಿಂತುಬಿಡುತ್ತೆ. ಹಾಗಾಗಿ ಕ್ಲೋನ್ ಬೇಡ. ಕ್ಲೋನ್‌ಜಿಲ್ಲಾ ಅಲ್ಲಿ ಎರರ್ ಕೊಟ್ಟು ನಿಲ್ಲುತ್ತೆ, ಬಲವಂತವಾಗಿ ದಾಟಿಸಿದ್ರೆ ಕೆಟ್ಟ ಫೈಲೂ ಜೊತೆಗೇ ಬರುತ್ತೆ. ಮೇಲಾಗಿ ಅದು ದೊಡ್ಡ ಡಿಸ್ಕಿಂದ ಚಿಕ್ಕದಕ್ಕೆ ನೇರವಾಗಿ ಕ್ಲೋನ್ ಮಾಡಲ್ಲ, ತುಂಬಿರೋದು ಎಷ್ಟೇ ಇರಲಿ ಮೊದಲು ಪಾರ್ಟಿಷನ್ ಕುಗ್ಗಿಸಬೇಕು. ಈ ಸ್ಥಿತಿಯಲ್ಲಿರೋ ಡಿಸ್ಕಿಗೆ ಆ ಕೆಲಸ ಕೊಡೋದು ಅಪಾಯ.

ಬೇಕಾದ ಫೈಲುಗಳನ್ನ ಇವತ್ತೇ ಹೊರಗಿನ ಡ್ರೈವಿಗೆ ತೆಗೀರಿ, ಕಳ್ಕೊಂಡ್ರೆ ಮತ್ತೆ ಸಿಗದಂಥವು ಮೊದಲು. ಅಲ್ಲೀವರೆಗೂ ಚೆಕ್‌ಡಿಸ್ಕ್ ಓಡಿಸಬೇಡಿ, ಅದು ಮೂಲೆಮೂಲೆ ಕೆದಕುತ್ತೆ. ಆಮೇಲೆ 8 ಜಿಬಿ ಪೆನ್‌ಡ್ರೈವಲ್ಲಿ ವಿಂಡೋಸ್ ಇನ್‌ಸ್ಟಾಲರ್ ಮಾಡ್ಕೊಳ್ಳಿ. ಹಳೇ ಡಿಸ್ಕ್ ಬಿಚ್ಚಿಟ್ಟು, ಎಸ್‌ಎಸ್‌ಡಿ ಒಂದೇ ಇರುವಾಗ ಇನ್‌ಸ್ಟಾಲ್ ಮಾಡಿ. ಎರಡೂ ಇದ್ರೆ ಬೂಟ್ ಫೈಲು ಹಳೇದರಲ್ಲೇ ಕೂತು, ಅದನ್ನ ತೆಗೆದ ದಿನ ಮೆಷಿನ್ ಏಳಲ್ಲ. ಬಯೋಸಲ್ಲಿ ಸಾಟಾ ಮೋಡ್ ಎಎಚ್‌ಸಿಐ ಇರಲಿ. ಪ್ರಾಡಕ್ಟ್ ಕೀ ಕೇಳಿದಾಗ ಇಲ್ಲ ಅಂತ ಒತ್ತಿ, ಈಗಿರೋ ಎಡಿಷನ್ನನ್ನೇ ಆರಿಸಿ. ಹಳೇ ಆ್ಯಕ್ಟಿವೇಷನ್ ಮದರ್‌ಬೋರ್ಡಿಗೆ ಅಂಟಿದ ಡಿಜಿಟಲ್ ಲೈಸೆನ್ಸ್ ಆಗಿದ್ರೆ ನೆಟ್ ಸಿಕ್ಕಿದ ಮೇಲೆ ತಾನಾಗೇ ಆಗುತ್ತೆ.

ನೀಲಿಪರದೆ:
ಹೊಸದಾಗೇ ಹಾಕೋದಾದ್ರೆ ಇದೂ ತಲೇಲಿರಲಿ: ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆರನೇ ಜನರೇಷನ್ ಐ3 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಕೆಲಸ ಬ್ರೌಸರ್, ಡಾಕ್ಯುಮೆಂಟ್ ಅಷ್ಟೇ ಆಗಿದ್ರೆ ವಿಂಡೋಸ್ ಬದಲಿಗೆ ಬಳಸೋ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನ ಪೆನ್‌ಡ್ರೈವಿಂದ ಲೈವ್ (ಇನ್‌ಸ್ಟಾಲ್ ಮಾಡದೆ) ಓಡಿಸಿ, ವೈಫೈ, ಸೌಂಡ್, ಪ್ರಿಂಟರ್ ಸರಿ ಇದೆಯಾ ನೋಡಿ.

ಎಸ್‌ಎಸ್‌ಡಿ ಆದ ಮೇಲೂ ತೆವಳಿದ್ರೆ, ಏನಾದ್ರೂ ಭಾರದ ಕೆಲಸ ಕೊಟ್ಟು ಸಿಪಿಯು ಸ್ಪೀಡ್ ನೋಡಿ. 0.8 ಗಿಗಾಹರ್ಟ್ಸ್ ಹತ್ತಿರವೇ ಅಂಟಿಕೊಂಡಿದ್ರೆ ಬಿಸಿಯಾಗಿರಬೇಕು, ಇಲ್ಲ ಚಾರ್ಜರನ್ನ ಬೋರ್ಡ್ ಗುರುತಿಸ್ತಿಲ್ಲ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಸ್ಪೀಡ್ ಏರಿದ್ರೆ ಚಾರ್ಜರ್ ಅಥವಾ ಅದರ ಪಿನ್ ನೋಡಿ. ಏರದಿದ್ರೆ ಫ್ಯಾನಿನ ಧೂಳು, ಥರ್ಮಲ್ ಪೇಸ್ಟ್.