ಓದುಗರ ಸ್ಪಂದನ: ದೆಹಲಿಯ ಸೀಟಿಗೆ ಅರ್ಜಿ ಹಾಕಲೋ, ಬೇಡವೋ?

ಕಳೆದ ವಾರದ ಸಮಸ್ಯೆ: ನಾನು ಹೊಸಪೇಟೆ ಹತ್ತಿರದ ಹಳ್ಳಿಯವಳು. ದ್ವಿತೀಯ ಪಿಯುಸಿ, ಕಲಾ ವಿಭಾಗ, ಕನ್ನಡ ಮಾಧ್ಯಮ. ಹೋದ ವರ್ಷ ಇತಿಹಾಸಕ್ಕೆ 94 ಬಂದಿತ್ತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಬಿ.ಎ. ಹಿಸ್ಟರಿ ಆನರ್ಸ್ ಓದುವ ಆಸೆ. ನಮ್ಮ ಮೇಷ್ಟ್ರು ‘ಅರ್ಜಿ ಹಾಕು’ ಅನ್ನುತ್ತಾರೆ. ಅಪ್ಪ ‘ಇತಿಹಾಸ ಓದಿ ಹಂಪಿಯಲ್ಲಿ ಗೈಡ್ ಆಗ್ತೀಯಾ? ಇಲ್ಲೇ ಯಾವುದಾದರೂ ಡಿಗ್ರಿ ಮಾಡಿ ಬ್ಯಾಂಕ್ ಪರೀಕ್ಷೆ ಕಟ್ಟು’ ಅನ್ನುತ್ತಾರೆ. ದೇಶದ ಮಕ್ಕಳೆಲ್ಲ ಬರೆಯುವ ಪರೀಕ್ಷೆಯಂತೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಸುಮ್ನೆ ಆಸೆ ಪಡುತ್ತಿದ್ದೇನಾ?

* * *

ತಂಗಿ, ಅರ್ಜಿ ಹಾಕುವುದೇ ಬೇರೆ, ಹೋಗುವುದೇ ಬೇರೆ. ನೀನು ಎರಡನ್ನೂ ಒಂದೇ ಗಂಟು ಕಟ್ಟಿ ತಲೆ ಮೇಲೆ ಹೊತ್ತುಕೊಂಡಿದ್ದೀಯ. ಮೊದಲು ಅರ್ಜಿ ಹಾಕು. ಸೀಟು ಬಂದ ಮೇಲೆ ಅಪ್ಪನ ಜೊತೆ ಜಗಳ ಆಡಲು ಬೇಕಾದಷ್ಟು ಟೈಮ್ ಇರುತ್ತದೆ.

ನಾನು ದಾವಣಗೆರೆ ಕಡೆಯವನು, ಕನ್ನಡ ಮಾಧ್ಯಮ. ದೆಹಲಿಗೆ ಹೋದದ್ದು 2022ರಲ್ಲಿ, ಸಿಯುಇಟಿ (ನೀನು ಹೇಳಿದ ಆ ದೇಶದ ಮಟ್ಟದ ಪ್ರವೇಶ ಪರೀಕ್ಷೆ) ಶುರುವಾದ ವರ್ಷ. ಅದಕ್ಕೂ ಮುಂಚೆ ಹನ್ನೆರಡನೇ ತರಗತಿಯ ಅಂಕದ ಮೇಲೆ ಕಟ್ ಆಫ್ ಇರುತ್ತಿತ್ತು. ಹೆಸರಾದ ಕಾಲೇಜುಗಳಲ್ಲಿ ಅದು 98, 99ರವರೆಗೂ ಏರುತ್ತಿತ್ತು. ಈಗ ಪಿಯುಸಿ ಪಾಸಾಗಿರಬೇಕು, ಸರಿ. ಆದರೆ ಆ ಅಂಕ ಲೆಕ್ಕಕ್ಕೆ ಬರುವುದು ಇಬ್ಬರಿಗೆ ಸಿಯುಇಟಿಯಲ್ಲಿ ಸಮ ಸಮ ಬಂದಾಗ ಮಾತ್ರ.

ನನಗೆ ಯಾರೂ ಹೇಳದ ಒಂದು ಮಾತು ನಿನಗೆ ಹೇಳುತ್ತೇನೆ. ಈ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ಇರುತ್ತದೆ. ಹಿಸ್ಟರಿ ಆನರ್ಸ್‌ಗೆ ಒಂದು ಭಾಷೆ, ಮೂರು ವಿಷಯ ಹಿಡಿದು ಲೆಕ್ಕ ಹಾಕುತ್ತಾರೆ. ಆ ಭಾಷೆಯ ಜಾಗದಲ್ಲೂ ನಾನು ಕನ್ನಡವನ್ನೇ ತಗೊಂಡಿದ್ದೆ. 2025ರಲ್ಲಿ ಒಂದೊಂದು ಪೇಪರಿಗೆ 50 ಪ್ರಶ್ನೆ, 60 ನಿಮಿಷ, 250 ಅಂಕ ಇತ್ತು. ಸರಿ ಉತ್ತರಕ್ಕೆ 5, ತಪ್ಪಾದರೆ 1 ಕಟ್. ನಿಯಮ ಆಗಾಗ ಬದಲಾಗುತ್ತದೆ, ಆದ್ದರಿಂದ ಈ ವರ್ಷದ ಮಾಹಿತಿ ಪುಸ್ತಿಕೆಯನ್ನು ಮೇಷ್ಟ್ರ ಜೊತೆ ಕೂತು ಒಮ್ಮೆ ಓದಿಕೋ.

ಇತಿಹಾಸಕ್ಕೆ ಓದಬೇಕಾದ್ದು ಎನ್‌ಸಿಇಆರ್‌ಟಿ ಅನ್ನುವ ಕೇಂದ್ರ ಸಂಸ್ಥೆಯ 12ನೇ ತರಗತಿ ಪುಸ್ತಕ, ಮೂರು ಭಾಗ. ನಮ್ಮ ಪಿಯು ಪುಸ್ತಕದ ಧಾಟಿ ಬೇರೆ, ಇದರದು ಬೇರೆ. ಅದನ್ನೇ ನಂಬಿ ಕೂರಬೇಡ. ಇದರಲ್ಲಿ ಒಂದು ಅಧ್ಯಾಯ ಪೂರ್ತಿ ವಿಜಯನಗರದ್ದು ಗೊತ್ತಾ? ಕಾಲಿನ್ ಮೆಕೆಂಜಿ 1800ರಲ್ಲಿ ಹಂಪಿಗೆ ಬಂದು ನಕ್ಷೆ ಮಾಡಿದ್ದು, ಕಮಲಾಪುರ ಕೆರೆ, ಹಿರಿಯ ಕಾಲುವೆ, ಮಹಾನವಮಿ ದಿಬ್ಬ. ದೆಹಲಿ ಮಕ್ಕಳು ಬಾಯಿಪಾಠ ಮಾಡುವ ಹೆಸರುಗಳು ನಿನಗೆ ಬಸ್ ಸ್ಟಾಪುಗಳು!

ಈಗ ಕಹಿ ಭಾಗ. ಪರೀಕ್ಷೆ ಕನ್ನಡದಲ್ಲಿ, ಪಾಠ ಕನ್ನಡದಲ್ಲಿ ಅಲ್ಲ. ಅಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಉತ್ತರ ಬರೆಯಬೇಕು. ಪ್ರತಿ ಪೇಪರಿಗೂ ‘ರೀಡಿಂಗ್ಸ್’ ಅಂತ ಲೇಖನಗಳ ಪಟ್ಟಿ ಕೊಡುತ್ತಾರೆ. ಕ್ಯಾಂಪಸ್ ಬಳಿಯ ಪಟೇಲ್ ಚೆಸ್ಟ್ ಸಂಸ್ಥೆ ಹತ್ತಿರದ ಅಂಗಡಿಗಳಲ್ಲಿ ಜೆರಾಕ್ಸ್ ಮಾಡಿಸಿ ಕಟ್ಟು ಕಟ್ಟು ಹೊತ್ತು ತರುತ್ತಿದ್ದೆವು. ನನ್ನ ಮೊದಲ ಲೇಖನ ಇಪ್ಪತ್ತು ಪುಟ ಇತ್ತು. ನಾಲ್ಕು ದಿನ ಹಿಡಿಯಿತು. ಕ್ಲಾಸಿನಲ್ಲಿ ಎಲ್ಲರೂ ನಗುವಾಗ ನಾನೂ ನಗುತ್ತಿದ್ದೆ, ಯಾಕೆ ಅಂತ ಗೊತ್ತಿರಲಿಲ್ಲ. ಜನವರಿ ಚಳಿಯಲ್ಲಿ ರಗ್ಗು ಹೊದ್ದು ಅತ್ತಿದ್ದೂ ಇದೆ. ಮೂರನೇ ಸೆಮಿಸ್ಟರ್ ಹೊತ್ತಿಗೆ ಇಪ್ಪತ್ತು ಪುಟ ಒಂದು ಸಂಜೆಯ ಕೆಲಸವಾಯಿತು. ಈಗಿನಿಂದಲೇ ಆ ಎನ್‌ಸಿಇಆರ್‌ಟಿಯನ್ನು ಇಂಗ್ಲಿಷಿನಲ್ಲಿ ದಿನಾ ಎರಡು ಪುಟ ಓದು. ಗೊತ್ತಿಲ್ಲದ ಪದ ಬರೆದಿಟ್ಟುಕೋ. ಬೇರೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿಯಬೇಡ.

– ಹಳೆಯ ವಿದ್ಯಾರ್ಥಿ, ಈಗ ಬೆಂಗಳೂರು

* * *

ಮಗಳೇ, 94 ಅಂಕ ನೋಡಿ ನಾನು ಏನೂ ಹೇಳಲಾರೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದೇನೆ. ಇಸವಿ ಉರು ಹೊಡೆದು 94 ತೆಗೆದವರನ್ನೂ ನೋಡಿದ್ದೇನೆ, ಪ್ರಶ್ನೆ ಕೇಳಿ ಕೇಳಿ 60ಕ್ಕೆ ನಿಂತವರನ್ನೂ ನೋಡಿದ್ದೇನೆ. ಇತಿಹಾಸದಲ್ಲಿ ಉಳಿದುಕೊಂಡವರು ಬಹುಪಾಲು ಆ ಎರಡನೆಯ ಗುಂಪಿನವರೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೋ. 1565ರ ತಾಳಿಕೋಟೆ ಕದನವನ್ನು ತೆಗೆದುಕೋ. ‘ಸುಲ್ತಾನರು ಒಂದಾದರು, ವಿಜಯನಗರ ಬಿತ್ತು’ ಅಂತ ನಾಲ್ಕು ಅಂಕದ ಉತ್ತರ ಬರೆದಿರುತ್ತೀಯ. ಆದರೆ ವಿಜಯನಗರದ ರಾಮರಾಯ ಅದಕ್ಕೂ ಮುಂಚೆ ವರ್ಷಗಟ್ಟಲೆ ಒಬ್ಬ ಸುಲ್ತಾನನ ಪರ ನಿಂತು ಇನ್ನೊಬ್ಬನ ಮೇಲೆ ದಂಡೆತ್ತಿ ಹೋಗುತ್ತಿದ್ದವನು. ಬಿಜಾಪುರದ ಅಲಿ ಆದಿಲ್ ಶಾ ಒಂದು ಕಾಲಕ್ಕೆ ಅವನ ಜೊತೆಗಾರ. ಹಾಗಾದರೆ ಆ ಸುಲ್ತಾನರು ಒಂದಾದದ್ದು ಯಾಕೆ? ಅರಮನೆಗಳು ಬುಡ ಮಾತ್ರ ಉಳಿದು ವಿರೂಪಾಕ್ಷನ ಗುಡಿ ನಿಂತದ್ದು ಹೇಗೆ? ಇದನ್ನೆಲ್ಲ ಬರೆದಿಟ್ಟವರು ಯಾರು, ಅವರು ಯಾರ ಆಸ್ಥಾನದಲ್ಲಿದ್ದರು? ಇಷ್ಟು ಕೇಳಿದಾಗ ‘ಸಾರ್, ಉತ್ತರ ಹೇಳಿ ಮುಗಿಸಿ’ ಅನಿಸಿದರೆ ಆನರ್ಸ್ ನಿನಗೆ ಹಿಡಿಸುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಇದೇ ತಲೆಯಲ್ಲಿ ಸುತ್ತುತ್ತಿದ್ದರೆ ಅರ್ಜಿ ಹಾಕು.

ಹಲ್ಮಿಡಿ ಶಾಸನ ಸುಮಾರು 450ರದ್ದು ಅಂತ ಓದಿದ್ದೀಯಲ್ಲ? ಆ ಕಲ್ಲಿನ ಮೇಲೆ ಇಸವಿಯೇ ಇಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬರ ಹೆಸರು ಇವನ್ನು ಹಿಡಿದು ಕಾಲ ಕಟ್ಟಿದ್ದಾರೆ. ಇತಿಹಾಸ ಓದುವುದು ಅಂದರೆ ಆ ‘ಸುಮಾರು’ ಎಲ್ಲಿಂದ ಬಂತು ಅಂತ ಹುಡುಕುವುದು.

ಇನ್ನೊಂದು. ದೆಹಲಿಯೇ ಆಗಬೇಕು ಅಂತ ಹಟ ಬೇಡ. ಧಾರವಾಡದಲ್ಲೋ ಮೈಸೂರಿನಲ್ಲೋ ಮೂರು ವರ್ಷದ ಬಿ.ಎ. ಮಾಡಿ, ಆ ಹೊತ್ತಿಗೆ ಇಂಗ್ಲಿಷ್ ಗಟ್ಟಿ ಮಾಡಿಕೊಂಡು, ಎಂ.ಎ.ಗೆ ಜೆಎನ್‌ಯುಗೋ ಹೈದರಾಬಾದಿಗೋ ಪ್ರವೇಶ ಪರೀಕ್ಷೆ ಬರೆಯಬಹುದು. ನನ್ನ ವಿದ್ಯಾರ್ಥಿಗಳು ಹಾಗೆ ಹೋಗಿದ್ದಾರೆ. ಎಲ್ಲೇ ಓದಿದರೂ ಹಳಗನ್ನಡ ಬಿಡಬೇಡ. ದೆಹಲಿಯಲ್ಲಿ ನಿನ್ನ ಪಕ್ಕ ಕೂತವರಿಗೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳ ಒಂದು ಶಾಸನ ಮೂಲದಲ್ಲಿ ಓದಲು ಬರುವುದಿಲ್ಲ. ನಿನಗೆ ಬಂದರೆ ಅದೇ ನಿನ್ನ ಬಂಡವಾಳ.

– ನಿವೃತ್ತ ಉಪನ್ಯಾಸಕರು, ಧಾರವಾಡ

* * *

ಬೇರೆಯವರು ಚೆನ್ನಾಗಿಯೇ ಹೇಳುತ್ತಾರೆ, ನಾನು ಇನ್ನೊಂದು ಬದಿ ಹೇಳುತ್ತೇನೆ. ನಾನು ಇತಿಹಾಸ ಎಂ.ಎ., ಕೆ-ಸೆಟ್ (ಕಾಲೇಜು ಅಧ್ಯಾಪಕರಾಗಲು ರಾಜ್ಯದ ಅರ್ಹತಾ ಪರೀಕ್ಷೆ) ಕೂಡ ಆಗಿದೆ. ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕಿ. ರಜೆಯಲ್ಲಿ ಸಂಬಳ ಇಲ್ಲ. ಜೂನ್ ಬಂದರೆ ಈ ವರ್ಷ ಕರೆಯುತ್ತಾರೋ ಇಲ್ಲವೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಪಿಯು ಕಾಲೇಜಿಗೆ ಅರ್ಜಿ ಹಾಕೋಣ ಅಂದರೆ ಬಿ.ಎಡ್. ಬೇಕು, ಅದನ್ನು ಆಗ ಮಾಡಲಿಲ್ಲ. ಓದಿದ್ದಕ್ಕೆ ಪಶ್ಚಾತ್ತಾಪ ಇಲ್ಲಮ್ಮ. ಆದರೆ ಪಾಠ ಮಾಡುವುದೊಂದನ್ನೇ ನಂಬಿ ಓದಬೇಡ. ಲಾ, ಸಿವಿಲ್ ಸರ್ವಿಸ್, ಪತ್ರಿಕೆ, ಮ್ಯೂಸಿಯಂ ಯಾವುದಾದರೂ ಇನ್ನೊಂದು ಬಾಗಿಲು ಮೊದಲೇ ನೋಡಿಟ್ಟುಕೋ.

– ಹೆಸರು ಬೇಡ

* * *

ನಾನೂ ಒಬ್ಬ ಹೆಣ್ಣುಮಗಳ ಅಪ್ಪ, ಹಾಗಾಗಿ ನಿಮ್ಮ ತಂದೆ ಪರವಾಗಿ ನಾಲ್ಕು ಮಾತು. ‘ಗೈಡ್ ಆಗ್ತೀಯಾ’ ಅಂತ ಅವರು ಕೇಳಿದ್ದು ಇತಿಹಾಸದ ಮೇಲಿನ ಸಿಟ್ಟಿಗಲ್ಲ. ಅಷ್ಟು ದೂರದ ಊರಿನ ಭಯ ಅದು. ಅದನ್ನು ಭಯ ಅಂತ ಹೇಳಲು ಬರುವುದಿಲ್ಲ ನಮಗೆ.

ನನ್ನ ಮಗಳು ಎರಡು ವರ್ಷದಿಂದ ದೆಹಲಿಯಲ್ಲಿದ್ದಾಳೆ, ಓದುವುದು ಬೇರೆ ವಿಷಯ. ಕಾಲೇಜು ಫೀಸು ನಮ್ಮೂರಿನ ಖಾಸಗಿ ಕಾಲೇಜಿಗಿಂತ ಕಡಿಮೆ. ಹೊಡೆತ ಬೀಳುವುದು ಬಾಡಿಗೆಗೆ. ಹಾಸ್ಟೆಲ್ ಸಿಗಲಿಲ್ಲ, ಪಿಜಿಗೆ ಊಟ ಸೇರಿ ತಿಂಗಳಿಗೆ 14 ಸಾವಿರ ಕೊಡುತ್ತಿದ್ದೇನೆ. ಆನರ್ಸ್ ಪೂರ್ತಿ ಮುಗಿಸಿದರೆ ನಾಲ್ಕು ವರ್ಷ. ಬೇಕಾದರೆ ಮೂರಕ್ಕೆ ಡಿಗ್ರಿ ತಗೊಂಡು ಬರಬಹುದು. ನಮ್ಮ ರಾಜ್ಯದಲ್ಲಿ 2024ರಿಂದ ಮತ್ತೆ ಮೂರೇ ವರ್ಷ ಆಗಿದೆ, ಇದನ್ನೂ ಅಪ್ಪ ಕೇಳುತ್ತಾರೆ, ಉತ್ತರ ಸಿದ್ಧ ಇಟ್ಟುಕೋ. ನಿಮ್ಮ ಕಡೆಯಿಂದ ಗುಂತಕಲ್‌ಗೆ ಬಂದು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಹೆಚ್ಚು ಕಡಿಮೆ ಒಂದೂವರೆ ದಿನದ ದಾರಿ.

ಅಪ್ಪನ ಮುಂದೆ ‘ನನ್ನ ಆಸೆ’ ಅಂತ ಅಳಬೇಡ. ಒಂದು ಹಾಳೆಯಲ್ಲಿ ಖರ್ಚು ಬರೆ. ಎಷ್ಟು ಆಗುತ್ತದೆ, ಯಾವ ವಿದ್ಯಾರ್ಥಿವೇತನ ಸಿಗಬಹುದು, ಸೀಟು ಬರದಿದ್ದರೆ ಎಲ್ಲಿ ಸೇರುತ್ತೀಯ, ಎಲ್ಲ. ಲೆಕ್ಕ ನೋಡಿದರೆ ಅಪ್ಪಂದಿರು ಸ್ವಲ್ಪ ಮೆತ್ತಗಾಗುತ್ತೇವೆ.

– ಅಡಿಕೆ ಬೆಳೆಗಾರ, ಶಿವಮೊಗ್ಗ ಜಿಲ್ಲೆ

* * *

ಇತಿಹಾಸದಲ್ಲೇ ಬಿ.ಎ. ಮಾಡಿದೆ. ಬ್ಯಾಂಕ್ ಪರೀಕ್ಷೆ ಕಟ್ಟಿದೆ, ಪಾಸಾದೆ. ಅದಕ್ಕೆ ಯಾವ ಡಿಗ್ರಿಯಾದರೂ ನಡೆಯುತ್ತೆ. ಅಪ್ಪನಿಗೆ ಇದನ್ನು ಮೊದಲು ಹೇಳು!

– ಬ್ಯಾಂಕ್ ಉದ್ಯೋಗಿ, ಕಲಬುರಗಿ

* * *

ತಂಗೆವ್ವ, ನಿಮ್ಮಪ್ಪ ಅಂದದ್ದು ಓದಿ ನಕ್ಕೆ. ನಾನು ಹಂಪಿಯಲ್ಲಿ 19 ವರ್ಷದಿಂದ ಗೈಡ್. ಇದೇ ಕೆಲಸದಲ್ಲಿ ಮನೆ ಕಟ್ಟಿದ್ದೇನೆ, ತಂಗಿ ಮದುವೆ ಮಾಡಿದ್ದೇನೆ.

ಸಿಟ್ಟೇನೂ ಇಲ್ಲ ಬಿಡು. ಹೋದ ಚಳಿಗಾಲದಲ್ಲಿ ಒಬ್ಬರು ಮೇಡಂ ಬಂದಿದ್ದರು. ಮಹಾನವಮಿ ದಿಬ್ಬ ಒಂದೇ ಸಲ ಕಟ್ಟಿದ್ದಲ್ಲ, ಹಂತ ಹಂತವಾಗಿ ಬೆಳೆದದ್ದು ಅಂತ ಎಂದಿನಂತೆ ಹೇಳಿದೆ. ‘ಅದು ಹೇಗೆ ಗೊತ್ತಾಯಿತು?’ ಅಂದರು. ನನಗೆ ಉತ್ತರ ಬರಲಿಲ್ಲ. ಅಷ್ಟು ವರ್ಷ ಹೇಳಿಕೊಂಡು ಬಂದ ಮಾತು! ಅವರೇ ಕೆಳಗಿನ ಸಾಲಿನ ಕೆತ್ತನೆ, ಮೇಲೆ ಹೊದಿಸಿದ ಕಲ್ಲು ತೋರಿಸಿ ಅರ್ಧ ಗಂಟೆ ವಿವರಿಸಿದರು. ಆಮೇಲೆ ನನ್ನ ಕೈಗೇ ಟಿಪ್ಸ್ ಕೊಟ್ಟು ಹೋದರು, ನಾಚಿಕೆಯಾಯಿತು.

ಪರೀಕ್ಷೆಗೆ ಮೊದಲು ಒಂದು ಭಾನುವಾರ ಅಪ್ಪನನ್ನೂ ಕರೆದುಕೊಂಡು ಬಾ. ನಿನ್ನ ಪುಸ್ತಕದಲ್ಲಿರುವ ಕಾಲುವೆ ದಾರಿಯಲ್ಲೇ ನಡೆಯೋಣ. ದುಡ್ಡು ಬೇಡ. ಏಳು ಗಂಟೆಗೇ ಬನ್ನಿ, ಹತ್ತರ ಮೇಲೆ ಬಂಡೆ ಕಾಯುತ್ತೆ.

– ಗೈಡ್, ಕಮಲಾಪುರ