‘ಸಿಗ್ನಲ್’ ಯಾಕೆ ಇಷ್ಟ ಅಂತ ಚಿಕ್ಕಮ್ಮನಿಗೆ

ಚಿಕ್ಕಮ್ಮಾ, "ಹಳೇ ಕಾಲದ ಪೊಲೀಸು ಈಗಿನ ಪೊಲೀಸಿನ ಜೊತೆ ವಾಕಿಟಾಕಿಯಲ್ಲಿ ಮಾತಾಡೋದಂತೆ, ಅದನ್ನ ನಿದ್ದೆಗೆಟ್ಟು ನೋಡ್ತೀರಲ್ಲ, ಏನಿದೆ ಅದ್ರಲ್ಲಿ" ಅಂತ ಕೇಳಿದ್ದಿರಿ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಲೇ ಕೇಳಿ.

‘ಸಿಗ್ನಲ್’ 2016ರ ಕೊರಿಯನ್ ಸೀರಿಯಲ್. 16 ಕಂತು ಅಷ್ಟೇ. 2015ರಲ್ಲಿ ಒಬ್ಬ ಹುಡುಗ ಪೊಲೀಸಿಗೆ ಎಸೆಯಲು ಇಟ್ಟಿದ್ದ ಸಾಮಾನಿನಲ್ಲಿ ಹಳೇ ವಾಕಿಟಾಕಿ ಸಿಗುತ್ತದೆ. ಬ್ಯಾಟರಿಯೇ ಇಲ್ಲ. ಆದರೂ ರಾತ್ರಿ 11:23ಕ್ಕೆ ಅದರಲ್ಲಿ ದನಿ ಬರುತ್ತದೆ. ಆ ಕಡೆ ಇರುವವನು ಜೇ-ಹಾನ್, 15 ವರ್ಷದ ಹಿಂದೆ ಕಾಣೆಯಾದ ಪೊಲೀಸ್. ಇದೆಲ್ಲ ಹೇಗೆ ಸಾಧ್ಯ ಅಂತ ತಲೆ ಕೆಡಿಸಿಕೊಳ್ಳಬೇಡಿ.

ನನ್ನನ್ನು ಹಿಡಿದು ಕೂರಿಸಿದ್ದು ಅದರಲ್ಲಿ ಕಾಯುವವರು. ಜೇ-ಹಾನ್ ಕೈಕೆಳಗೆ ಕೆಲಸ ಕಲಿತ ಸೂ-ಹ್ಯುನ್ ಈಗ ತಾನೇ ಒಂದು ತಂಡ ನಡೆಸುತ್ತಾಳೆ. ಎಲ್ಲಾದರೂ ಗುರುತು ಸಿಗದ ಗಂಡಸಿನ ಅಸ್ಥಿ ಬಂತು ಅಂದರೆ ಸಾಕು, ಹೋಗಿ ಭುಜದ ಮೂಳೆ ನೋಡುತ್ತಾಳೆ. ಜೇ-ಹಾನ್ ಭುಜದಲ್ಲಿ ಲೋಹದ ಪಿನ್ನು ಇತ್ತು. ಅದು ಇಲ್ಲ ಅಂದರೆ ಸುಮ್ನೆ ವಾಪಸ್ ಬರುತ್ತಾಳೆ. ಸಿಗಲಿಲ್ಲ ಅನ್ನುವ ಸಮಾಧಾನ, ಸಿಗಲಿಲ್ಲ ಅನ್ನುವ ಸಂಕಟ, ಆ ಪಾತ್ರ ಮಾಡಿದ ಕಿಮ್ ಹೇ-ಸೂ ಮುಖದಲ್ಲಿ ಎರಡೂ ಒಟ್ಟಿಗೇ ಕಾಣುತ್ತದೆ. ಒಂದು ಡೈಲಾಗೂ ಬೇಕಿಲ್ಲ.

ಅದರಲ್ಲಿ ಬರುವ ಸರಣಿ ಕೊಲೆಯ ಕೇಸಿಗೆ ನಿಜವಾದ ಘಟನೆಯೇ ಆಧಾರ. ದಕ್ಷಿಣ ಕೊರಿಯಾದ ಹ್ವಾಸೊಂಗ್ ಅನ್ನುವ ಊರಿನ ಸುತ್ತ 1986ರಿಂದ 1991ರವರೆಗೆ 10 ಹೆಣ್ಣುಮಕ್ಕಳ ಕೊಲೆಯಾಯಿತು. ಆಗ ಅಲ್ಲಿ ಕೊಲೆ ಕೇಸಿಗೂ 15 ವರ್ಷದ ಗಡುವು. 2006ಕ್ಕೆ ಅದು ಮುಗಿಯಿತು. ಆಮೇಲೆ ಸಿಕ್ಕರೂ ಶಿಕ್ಷೆ ಕೊಡುವ ಹಾಗಿಲ್ಲ! ಸೀರಿಯಲ್ ಬಂದಾಗ ಕೊಲೆಗಾರ ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. 2019ರಲ್ಲಿ, ಎತ್ತಿಟ್ಟಿದ್ದ ಹಳೇ ಸಾಕ್ಷಿಗಳ ಡಿಎನ್‌ಎ ನೋಡಿದಾಗ ಗೊತ್ತಾಯಿತು. ಅವನು ಬೇರೆ ಕೊಲೆಗಾಗಿ 1994ರಿಂದ ಜೈಲಿನಲ್ಲೇ ಇದ್ದ. ಅದಕ್ಕಿಂತ ಹೊಟ್ಟೆ ಉರಿಯುವುದು ಇನ್ನೊಂದು. ಆ ಕೊಲೆಗಳಲ್ಲಿ ಒಂದಕ್ಕೆ ಏನೂ ಮಾಡದ ಒಬ್ಬ ಮನುಷ್ಯ ಸುಮಾರು 20 ವರ್ಷ ಜೈಲಿನಲ್ಲಿದ್ದ. ಅವನು ನಿರಪರಾಧಿ ಅಂತ ಕೋರ್ಟು ಹೇಳಿದ್ದು 2020ರಲ್ಲಿ. ಇದು ಗೊತ್ತಿದ್ದು ನೋಡಿದರೆ, ಆ ವಾಕಿಟಾಕಿಯಲ್ಲಿ "ಬಿಟ್ಟುಬಿಡಬೇಡಿ" ಅಂತ ಒಬ್ಬರಿಗೊಬ್ಬರು ಹೇಳುವಾಗ ಎದೆ ಹಿಂಡುತ್ತದೆ. ಕೊಲೆಯ ಗಡುವನ್ನು ಅಲ್ಲಿ 2015ರಲ್ಲಿ ತೆಗೆದುಹಾಕಿದರು. ದೇಗು ಅನ್ನುವ ಊರಿನ ಆರು ವರ್ಷದ ಒಂದು ಮಗುವಿನ ಸಾವು ಅದಕ್ಕೆ ಕಾರಣ. ಆದರೆ ಆ ಮಗುವಿನ ಕೇಸಿನ ಗಡುವು ಆಗಲೇ ಮುಗಿದಿತ್ತು, ಅದಕ್ಕೆ ಹೊಸ ಕಾನೂನು ಸಿಗಲೇ ಇಲ್ಲ. (ನಮ್ಮ ದೇಶದಲ್ಲಿ ಕೊಲೆ ಕೇಸಿಗೆ ಅಂಥ ಗಡುವು ಮೊದಲಿಂದಲೂ ಇಲ್ಲ.)

ಇನ್ನೊಂದು ವಿಷಯ. ವಾಕಿಟಾಕಿಯಲ್ಲಿ ಮಾತಾಡಿ ಹಿಂದಿನದನ್ನು ಸರಿ ಮಾಡಿದರೆ ಎಲ್ಲ ಒಳ್ಳೆಯದಾಗುತ್ತದೆ ಅಂತ ಸೀರಿಯಲ್ ಮಾಡಿದವರು ಸುಳ್ಳು ಹೇಳುವುದಿಲ್ಲ. ಅಲ್ಲಿ ಒಬ್ಬರು ಉಳಿದರೆ ಇಲ್ಲಿ ಇನ್ನೊಬ್ಬರು ಹೋಗುತ್ತಾರೆ. ಹಾಗಾಗಿ ಪ್ರತಿ ಸಲ ವಾಕಿಟಾಕಿ ಗರಗರ ಅಂದಾಗ ಖುಷಿಗಿಂತ ಭಯವೇ ಜಾಸ್ತಿ.

ಹಿಂದಿಯಲ್ಲಿ ಇದನ್ನೇ ‘ಗ್ಯಾರಹ್ ಗ್ಯಾರಹ್’ ಅಂತ ಮಾಡಿದ್ದಾರೆ, 2024ರಲ್ಲಿ ಝೀ5ನಲ್ಲಿ ಬಂತು. ಕೆಳಗೆ ಅಕ್ಷರ ಓದಲು ನಿಮಗೆ ಕಷ್ಟ ಆದರೆ ಅದನ್ನು ನೋಡಿ. ನನ್ನ ಕೇಳಿದರೆ ಮಾತ್ರ ಕೊರಿಯನ್ನೇ ಮೊದಲು. ಮೊದಲ ಎರಡು ಕಂತು ಒಟ್ಟಿಗೆ ನೋಡಿ ಚಿಕ್ಕಮ್ಮಾ, ಒಂದು ಮಗುವಿನ ಅಪಹರಣದ ಕೇಸು ಅಲ್ಲಿಗೆ ಮುಗಿಯುತ್ತದೆ. ನೋಡಿದ ಮೇಲೆ ಫೋನ್ ಮಾಡಿ.